ಬಸುರಿಗೆ ಹೇಳಬಾರದ ಸುದ್ದಿ

ನೀಲಗಂಗಾ ಹೊಸ್ತಿಲು ದಾಟಿದಳೆಂದರೆ ಓಣಿಗೆ ಓಣಿಯೇ ಬಾಯಿ ಹೊಲಿದುಕೊಳ್ಳುತ್ತಿತ್ತು. ನಳದ ಕಟ್ಟೆಯ ಮೇಲೆ ಕೊಡಕ್ಕೆ ಕೊಡ ತಾಕಿಸಿ ಜಗಳಾಡುತ್ತಿದ್ದ ಇಬ್ಬರು ಹೆಂಗಸರು ಅವಳನ್ನು ಕಂಡದ್ದೇ ತಡ, ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಹಲ್ಲು ಕಿಸಿದು ನಿಂತರು. ಗಣಿತದಲ್ಲಿ ಗೋತಾ ಹೊಡೆದ ಮಗನಿಗೆ ಬಯ್ಯುತ್ತಿದ್ದ ಎದುರುಮನೆಯ ಮಾಸ್ತರರು ಬಯ್ಗುಳವನ್ನು ಅರ್ಧಕ್ಕೇ ನುಂಗಿ, "ಬಾ ನನ್ನ ಬಂಗಾರಾ" ಎಂದುಬಿಟ್ಟರು. ಬಯ್ಗುಳಕ್ಕೆ ಹೆದರದೆ ನಿಂತಿದ್ದ ಹುಡುಗ ಇದಕ್ಕೆ ಹೆದರಿ ಒಳಗೆ ಓಡಿದ.

ಅವರೆಲ್ಲ ಮೊದಲು ನೋಡುವುದು ಅವಳ ಮುಖವನ್ನಲ್ಲ, ಎಡಗಿವಿಯನ್ನು. ಅಲ್ಲಿ ಹೆಸರುಕಾಳಿನಷ್ಟು ದೀಪವೊಂದು ಹಸಿರಾಗಿ ಉರಿಯುತ್ತಿದ್ದರೆ ಓಣಿ ನಿರಾಳವಾಗಿ ಉಸಿರು ಬಿಡುತ್ತಿತ್ತು.

ಅದಕ್ಕೆ ಇಟ್ಟ ಹೆಸರು 'ನೆಮ್ಮದಿ ಓಲೆ'. ಗದಗಿನ ಮಂದಿ ಬರೀ 'ವಾಲಿ' ಎನ್ನುತ್ತಿದ್ದರು. ಮಿದುಳಿನಿಂದ ಇಳಿದು ಎದೆ, ಹೊಟ್ಟೆಗಳನ್ನೆಲ್ಲ ಮುಟ್ಟಿ ಬರುವ ದೊಡ್ಡ ನರವೊಂದಿದೆಯಲ್ಲ, ಅದರ ಒಂದು ಕವಲು ಕಿವಿಯ ಮಡಿಕೆಯಲ್ಲೂ ಹಾಯುತ್ತದೆ. ಅಲ್ಲಿ ಇರುವೆ ನಡೆದಷ್ಟು ಸಣ್ಣಗೆ ಕರೆಂಟು ಹರಿಸಿದರೆ ಎದೆಬಡಿತ ಇಳಿಯುತ್ತದೆ, ಉಸಿರು ನೀಳವಾಗುತ್ತದೆ, ಮನಸ್ಸು ತಣ್ಣಗಾಗುತ್ತದೆ. ಓಲೆ ಬಸುರಿಯ ಬೆವರು, ಮೈಬಿಸಿ, ನಾಡಿ ನೋಡುತ್ತಿತ್ತು. ನಾಡಿಯ ಏರಿಳಿತದಿಂದಲೇ ರಕ್ತದೊತ್ತಡವನ್ನೂ ಲೆಕ್ಕ ಹಾಕುತ್ತಿತ್ತು. ಕಳವಳ ಕಂಡರೆ ಇರುವೆ ನಡೆಸುತ್ತಿತ್ತು; ಎಷ್ಟು ಜೋರಾಗಿ ಎಂಬುದನ್ನು ಗಂಡ ತನ್ನ ಫೋನಿನಲ್ಲಿ ಇಡುತ್ತಿದ್ದ. ಹಸಿರೆಂದರೆ ನೆಮ್ಮದಿ, ಹಳದಿಯೆಂದರೆ ಕಳವಳ. ಕೆಂಪಾದರೆ ಮಾತ್ರ ತಾಯಂದಿರ ಕೇಂದ್ರದಿಂದ ಗಾಡಿ ಬಂದು ಬಾಗಿಲಿಗೆ ನಿಲ್ಲುತ್ತಿತ್ತು. ಗಾಡಿ ಬಂದ ಮನೆಯ ಕಥೆ ಮುಗಿದಂತೆಯೇ. "ಸೊಸಿಗೆ ಏನ್ ಕಾಟ ಕೊಟ್ರೋ ಏನೋ" ಎಂದು ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು.

ಓಲೆಯಿಂದ ಒಳ್ಳೆಯದೇ ಆಗಿತ್ತು, ಸುಳ್ಳು ಹೇಳಬಾರದು. ದಿನ ತುಂಬುವ ಮೊದಲೇ ಹುಟ್ಟುವ ಕೂಸುಗಳು ಕಡಿಮೆಯಾಗಿದ್ದವು. ಕುಡಿದು ಬರುವ ಗಂಡಂದಿರು ಒಂಬತ್ತು ತಿಂಗಳಾದರೂ ನೆಟ್ಟಗೆ ನಡೆಯುತ್ತಿದ್ದರು. ನೀಲಗಂಗಾಳೇ ಮೊದಲ ಬಸುರು ಕಳೆದುಕೊಂಡು, ಎರಡನೆಯದಕ್ಕೆ ಅಂಜಿ ಅಂಜಿ ಸೊರಗಿದ್ದವಳು, ಓಲೆ ಹಾಕಿಕೊಂಡ ದಿನ ಹೊತ್ತು ಏರುವತನಕ ನಿದ್ದೆ ಮಾಡಿದ್ದಳು. ಬಸುರಿಯ ಮುಂದೆ ಕೆಟ್ಟ ಸುದ್ದಿ ಆಡಬಾರದು, ಆಕೆಯನ್ನು ಸಾವಿನ ಮನೆಗೆ ಕರೆದೊಯ್ಯಬಾರದು ಎಂಬುದು ಓಲೆಗಿಂತ ಎಷ್ಟೋ ಹಳೆಯ ಪದ್ಧತಿ. ಓಲೆ ಬಂದ ಮೇಲೆ ಪದ್ಧತಿಗೊಂದು ದೀಪ ಹತ್ತಿತು, ಅಷ್ಟೇ.

ಆವತ್ತು ಹೊರಡುವಾಗ ನೀಲಗಂಗಾ ಅತ್ತೆ ಕಸ್ತೂರೆವ್ವನಿಗೆ ಹೇಳಿದ್ದಳು, "ತಲಿ ಒಂದ ಸವನ ನೋಯಾಕತ್ತೇತ್ರಿ ಅತ್ತಿ."

"ಎಲ್ಲಿ, ಕಿವಿ ತೋರ್ಸು." ಕಸ್ತೂರೆವ್ವ ಸೊಸೆಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ಹಸರ ಐತಲ್ಲ ಯವ್ವಾ! ಬಿಸಲಿಗೆ ಬಂದಿದ್ದೀತು, ಮಜ್ಜಿಗಿ ಕುಡದು ಹೋಗು. ನಾಳಿ ಕುಬಸ ಇಟ್ಕೊಂಡು ಇವತ್ತ ತಲಿನೋವು ಅಂದ್ರ ಹೆಂಗ? ನನ್ನ ಕಾಲು ಬಿದ್ದ ಹೋಗ್ಯಾವು, ನಾ ಅಂದ್ನ್ಯಾ?"

ಏಳು ತಿಂಗಳಿಗೆ ಮಾಡುವ ಕುಬಸವೆಂದರೆ ಆ ಮನೆಗೆ ದೊಡ್ಡ ಹಬ್ಬ. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಲು ಬರುವ ನೂರಾರು ಹೆಂಗಸರು. ನೀಲಗಂಗಾ ಮಜ್ಜಿಗೆ ಕುಡಿದು, ಚಪ್ಪಲಿ ಬಿಗಿಯಾದವೆಂದು ಗಂಡನ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದಳು.

*

ಅವಳ ಕೆಲಸ ಗಾಳಿಯಂತ್ರಗಳ ಕಂಟ್ರೋಲ್ ರೂಮಿನಲ್ಲಿ. ಕಪ್ಪತಗುಡ್ಡದಾಚೆಯ ಬೋಳು ದಿಬ್ಬಗಳ ಮೇಲೆ ಸಾಲುಸಾಲಾಗಿ ತಿರುಗುವ ರೆಕ್ಕೆಗಳೆಲ್ಲ ಅವಳ ಪರದೆಯ ಮೇಲೆ ಒಂದೊಂದು ಹಸಿರು ಚುಕ್ಕೆ. ಆವತ್ತು ಮುಂಗಾರಿನ ಗಾಳಿ ಭರ್ಜರಿಯಾಗಿತ್ತು. ಚುಕ್ಕೆಗಳೆಲ್ಲ ಹಸಿರೇ. ಆದರೆ ದಿಬ್ಬದ ತುದಿಯ ಒಂದು ಯಂತ್ರ ಅಕ್ಕಪಕ್ಕದವುಗಳಷ್ಟೇ ಗಾಳಿ ತಿಂದು ಅರ್ಧದಷ್ಟೂ ಕರೆಂಟು ಕೊಡುತ್ತಿರಲಿಲ್ಲ.

"ಫಕೀರೇಶಾ, ಇದರ ಗೇರ್ ಬಾಕ್ಸು ಕಾದಿರಬೇಕು. ಕಾದ್ರ ಗಂಟಿ ಹೊಡೀಬೇಕಲ್ಲ, ಯಾಕ ಹೊಡೀವಲ್ದು?"

ಫಕೀರೇಶ ಕಂಬ ಏರಿ ಇಳಿದು ಯಂತ್ರ ರಿಪೇರಿ ಮಾಡುವವನು, ಮಾತಿನ ಮನುಷ್ಯ. ಬಾಯಿಗೆ ಬಿಸ್ಕೀಟು ಹಾಕಿಕೊಳ್ಳುತ್ತಲೇ ಹೇಳಿದ, "ಆ ಗಂಟೀನ ನಾವ ಮಲಗಿಸೀವ್ರಿ ಮೇಡಂ. ಭಾಳ ಹೊಯ್ಕೊಳ್ಳಾಕತ್ತಿತ್ತು. ಶಮೀಮ್ ಮೇಡಂ ಅವ್ರ ಮಣ್ಣಿಗೆ ನಾವೆಲ್ಲ ಹೋಗಿ ಬಂದ ದಿವಸ ನೋಡ್ರಿ, ಯಾರಿಗೂ ತಲಿ ಸುದ್ದ ಇರಲಿಲ್ಲ, ಅದೊಂದ ಸಮನ..."

ಬಿಸ್ಕೀಟು ಅವನ ಬಾಯಲ್ಲೇ ಉಳಿಯಿತು.

ಶಮೀಮ್ ಎಂದರೆ ಪಕ್ಕದ ಕುರ್ಚಿಯವಳು. ನೀಲಗಂಗಾಳಿಗಿಂತ ಎರಡು ತಿಂಗಳು ಮುಂದಿನ ಬಸುರಿ. ಇಬ್ಬರೂ ಒಂದೇ ಡಬ್ಬಿಯಿಂದ ಹುಣಸೆಕಾಯಿ ತಿಂದವರು. ಆಕೆ ಬಾಣಂತನಕ್ಕೆ ಸೊಲ್ಲಾಪುರದ ಅಜ್ಜಿಮನೆಗೆ ಹೋಗಿದ್ದಾಳೆ, ಅಲ್ಲಿ ಫೋನು ಸರಿಯಾಗಿ ಹತ್ತುವುದಿಲ್ಲ ಎಂದು ಎಲ್ಲರೂ ಹೇಳಿದ್ದರು. ನೀಲಗಂಗಾ ನಂಬಿದ್ದಳು.

ಕೋಣೆಯಲ್ಲಿದ್ದವರೆಲ್ಲರ ಕಣ್ಣು ಅವಳ ಕಿವಿಯ ಮೇಲೆ. ದೀಪ ಹಳದಿಗೆ ತಿರುಗಿತು. ಎದೆಯಲ್ಲಿ ಏನೋ ಎದ್ದು ಗಂಟಲಿಗೆ ಬಂತು. ಅಷ್ಟರಲ್ಲೇ ಕಿವಿಯಲ್ಲಿ ಇರುವೆ ಹರಿಯಿತು, ಗಂಟಲಿಗೆ ಬಂದದ್ದು ಹಾಗೇ ಇಳಿದುಹೋಯಿತು. ದೀಪ ಹಸಿರಾಯಿತು. ಮೇಲಧಿಕಾರಿ ಮುಳಗುಂದ ಸಾಹೇಬರು ಹಣೆ ಒರೆಸಿಕೊಂಡರು.

"ಏ, ಮೇಡಂಗ ಒಂದು ಚಾ ಹೇಳ್ರಿ. ಈ ಫಕೀರ್ಯಾನ ಮಾತು ತಲಿಗೆ ಹಚ್ಕೋಬ್ಯಾಡ್ರಿ, ಅದು ಬ್ಯಾರೆ ಶಮೀಮ್."

"ಹೆಂಗ ಸತ್ಲರಿ ಸರ್?"

"ನಿಮ್ಮ ಮುಂದ ಆಡೂ ಮಾತಲ್ಲವ್ವ ಅದು. ನಾಳಿ ಕುಬಸ ಐತಿ. ನೀವು ಈಗ ಮನಿಗೆ ಹೋಗ್ರಿ, ಆರಾಮ ಮಾಡ್ರಿ."

ಗೆಳತಿ ಸತ್ತ ಸುದ್ದಿ ಕೇಳಿ ತಾನು ಚಹಾದ ಕಪ್ಪು ಹಿಡಿದು ಕೂತಿದ್ದೇನೆ, ಕಪ್ಪು ಒಂದಿಷ್ಟೂ ನಡುಗುತ್ತಿಲ್ಲ. ಇದು ನೀಲಗಂಗಾಳಿಗೆ ವಿಚಿತ್ರವೆನಿಸಿತು. ಎನಿಸಿತೇ ಹೊರತು ನೋಯಲಿಲ್ಲ. ಪರದೆಯ ಮೇಲಿನ ಆ ಹಸಿರು ಚುಕ್ಕೆಯನ್ನು ನೋಡಿದಳು. ಗಂಟೆ ಮಲಗಿಸಿದರೆ ಗಂಟೆ ಮಲಗುತ್ತದೆ, ಒಳಗಿನ ಬೇರಿಂಗು ಮಲಗುವುದಿಲ್ಲ. ಅದು ಕಾಯುತ್ತಲೇ ಇರುತ್ತದೆ. ಕೈ ಚಾಚಿ ಆ ಯಂತ್ರವನ್ನು ನಿಲ್ಲಿಸಿದಳು.

"ಏರಿ ನೋಡು ಫಕೀರೇಶಾ. ಕೈ ಇಟ್ಟು ನೋಡು, ಚುಕ್ಕಿ ನೋಡಬ್ಯಾಡ."

ಸಿಟ್ಟೂ ಬರಲೊಲ್ಲದು, ಅಳುವೂ ಬರಲೊಲ್ಲದು. ಆಗಲಿ, ಅವಿಲ್ಲದೆಯೇ ಮಾಡೋಣ ಎಂದುಕೊಂಡು ಎದ್ದಳು. ಮನೆಯ ದಾರಿ ಬಿಟ್ಟು ಬೆಟಗೇರಿಯ ರಿಕ್ಷಾ ಹತ್ತಿದಳು.

*

ಶಮೀಮಳ ತಾಯಿ ಬೀಬಿಜಾನ್ ಬಾಗಿಲು ತೆರೆದವಳೇ ಎರಡೂ ಕೈ ಅಡ್ಡ ಹಿಡಿದಳು.

"ಒಳಗ ಬರಬ್ಯಾಡ ಬೇಟಿ. ತುಂಬಿದ ಬಸುರಿ, ಈ ಮನಿಗೆ ಬರಬಾರದು."

"ಹೊಸ್ತಿಲ ಮ್ಯಾಲ ಕುಂದರ್ತೀನಿ. ಹೇಳ್ರಿ."

"ಏನ್ ಹೇಳಲಿ..."

"ಹೆಂಗ ಹೋದ್ಲು, ಅದನ್ನ ಹೇಳ್ರಿ. ಪೂರ್ತಿ ಹೇಳೂತನಕ ನಾ ಏಳೂದಿಲ್ಲ."

ನೇಕಾರರ ಆ ಓಣಿಯಲ್ಲಿ ಮಗ್ಗಗಳು ಸದ್ದು ಮಾಡುತ್ತಲೇ ಇದ್ದವು. ಬೀಬಿಜಾನ್ ಬಾಗಿಲ ಚೌಕಟ್ಟಿಗೆ ಒರಗಿ ಕೆಳಗೆ ಕುಸಿದು ಕೂತಳು.

"ತಲಿ ಸೀಳಾಕತ್ತೇತಿ ಅಮ್ಮಾ ಅಂದ್ಲು. ಕಣ್ಣ ಮುಂದ ಚಿಕ್ಕಿ ಹಾರ್ಯಾಡ್ತಾವ ಅಂದ್ಲು. ಮಾರಿ ಬಾತಿತ್ತು. ನಾ ಕಿವಿ ನೋಡಿದೆ. ಹಸರ. ಏನಾಗೂದಿಲ್ಲ ಮಕ್ಕೋ ಅಂದೆ. ನಾನ ಅಂದೆ ಬೇಟಿ, ನಾನ ಮಲಗಿಸಿದೆ. ಆಮ್ಯಾಲ ಮೈಯೆಲ್ಲ ಸೆಟದು ಸೆಟದು... ಗಾಡಿ ಬರಲಿಲ್ಲ. ಹಸರಿಗೆ ಗಾಡಿ ಬರ್ತೈತೇನು? ನಡಗೂದು ನಿಂತ ಮ್ಯಾಲೂ ಒಂದೀಟ ಹೊತ್ತು ಆ ದೀಪ ಹಸರನ ಇತ್ತು."

"ಕೂಸು?"

ಬೀಬಿಜಾನ್ ತಲೆಯಾಡಿಸಿದಳು. "ಇಬ್ಬರೂ."

"ನನಗ್ಯಾಕ ಒಂದು ಮಾತು ಹೇಳಿ ಕಳಸಲಿಲ್ಲ?"

"ನಿಮ್ಮತ್ತಿ ಮಣ್ಣಿಗೆ ಬಂದಿದ್ಲು. ನನ್ನ ಕೈ ಹಿಡ್ಕೊಂಡ್ಲು. ನಮ್ಮ ನೀಲಾಗ ತಿಳೀಬಾರದು, ಆಕೀದು ಹಿಂದ ಒಂದು ಹೋಗೇತಿ ಅಂತ ಅತ್ಲು. ಆಗ್ಲಿ ಅಂದೆ. ನಿನ್ನ ಕೂಸರೆ ಬದುಕಲಿ ಅಂತ ಬಾಯಿ ಮುಚ್ಕೊಂಡೆ."

ಓಣಿಯ ಬಿಸಿಲಲ್ಲಿ ಕಣ್ಣ ಮುಂದೆ ಬೆಳ್ಳಗೆ ಏನೋ ಮಿನುಗಿ ಹೋಯಿತು. ಮೂರು ದಿನದಿಂದ ಮಿನುಗುತ್ತಿತ್ತು. ನೀಲಗಂಗಾ ಅದನ್ನು ಪರದೆ ನೋಡಿ ನೋಡಿ ಬಂದ ದಣಿವೆಂದುಕೊಂಡಿದ್ದಳು. ಸೀರೆ ಸರಿಸಿ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದರೂ ತಗ್ಗು ಹಾಗೇ ಉಳಿಯಿತು. ರೊಟ್ಟಿ ಹಿಟ್ಟಿನ ಮೇಲೆ ಉಳಿದ ಹಾಗೆ.

ಬೀಬಿಜಾನ್ ಆ ತಗ್ಗನ್ನು ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡಳು.

*

ತಾಯಂದಿರ ಕೇಂದ್ರದಲ್ಲಿ ಕೆಂಪು ಕಿವಿಯವರಿಗೆ ಮೊದಲ ಸರದಿ, ಆಮೇಲೆ ಹಳದಿ. ಹಸಿರಿನವರಿಗೆ ಕೂರಲು ಮೆತ್ತನೆಯ ಕುರ್ಚಿ, ಕೇಳಲು ಕೊಳಲಿನ ಸಂಗೀತ, ಕೊನೆಗೆ ಒಂದು ಲೋಟ ರಾಗಿ ಗಂಜಿ.

"ಹಸರ ಇದ್ದಾರು ಬರೂದ ಬೇಕಾಗಿಲ್ಲಲ್ರಿ" ಎಂದಳು ಸಿಸ್ಟರು, ಪರದೆ ತಿರುಗಿಸಿ ತೋರಿಸುತ್ತ. "ನೋಡ್ರಿ ನಿಮ್ಮ ಬೀಪೀ. ನನ್ನಕಿಂತ ಚಲೋ ಐತಿ."

"ಅದು ವಾಲಿ ಲೆಕ್ಕ. ನನಗ ತೋಳಿಗೆ ಪಟ್ಟಿ ಕಟ್ಟಿ ನೋಡ್ರಿ."

"ತೋಳಪಟ್ಟಿ! ಅದೆಲ್ಲ ಈಗ ಗಾಡ್ಯಾಗಷ್ಟ ಇರ್ತೈತಿ, ಕೆಂಪು ಕೇಸಿಗೆ. ಪಟ್ಟಿ ಬಿಗದ್ರ ಬಸುರೇರು ಅಂಜ್ತಾರ, ಅಂಜಿದ್ರ ಬೀಪೀ ಏರ್ತೈತಿ. ಅದಕ್ಕಂತ ವಾಲಿ ತಂದಾರ."

ಔಷಧಿ ಅಂಗಡಿಯವನು ಇನ್ನೂ ಸ್ಪಷ್ಟವಾಗಿ ಹೇಳಿದ. ಬಸುರಿಯರಿಗೆ ಆ ಯಂತ್ರ ಮಾರುವಂತಿಲ್ಲ, ಅಂಕಿ ನೋಡಿ ಗಾಬರಿಯಾದರೆ ಅಂಗಡಿಯ ಲೈಸೆನ್ಸಿಗೇ ಕುತ್ತು. ಬೇರೆ ಎರಡು ದವಾಖಾನೆಗಳು ಅವಳ ಕಿವಿ ನೋಡಿ, ನಕ್ಕು, ಕೇಂದ್ರಕ್ಕೇ ಹೋಗು ಎಂದವು.

ನಾಳೆ ಬೆಳಿಗ್ಗೆ ಎದ್ದವಳೇ ಹುಬ್ಬಳ್ಳಿಗೆ ಹೋಗಬೇಕು, ಯಾರಾದರೂ ಪಟ್ಟಿ ಕಟ್ಟುವತನಕ ಬಿಡಬಾರದು ಎಂದು ನಿಶ್ಚಯ ಮಾಡಿಕೊಂಡು ನೀಲಗಂಗಾ ಮನೆಗೆ ಬಂದಳು. ಬಂದವಳು ಹೋಳಿಗೆ ತಿಂದಳು, ಅತ್ತೆಯ ಜೊತೆ ಉಡಿಯಕ್ಕಿ ಆರಿಸಿದಳು, ತಲೆದಿಂಬಿಗೆ ತಲೆ ಕೊಟ್ಟಳು. ಬೆಳಿಗ್ಗೆ ಕಣ್ಣು ತೆರೆದಾಗ ಅಂಗಳದಲ್ಲಿ ಹಂದರ ಹಾಕಿ ಆಗಿತ್ತು, ಹೆಂಗಸರು ಬಂದು ತುಂಬಿದ್ದರು. ಹುಬ್ಬಳ್ಳಿಯ ನೆನಪೇನೋ ಇತ್ತು. ಆದರೆ ಹೋಗಲೇಬೇಕೆಂಬ ಬಿಸಿ ಮಾತ್ರ ಎಲ್ಲಿಯೂ ಇರಲಿಲ್ಲ. ಯಾರೋ ಒಲೆಯೊಳಗಿನ ಕೆಂಡ ಬಾಚಿಕೊಂಡು ಹೋದಂತಿತ್ತು.

*

ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದರು. ಬಳೆಗಾರ್ತಿ ಸಾವಂತ್ರೆವ್ವ ಅವಳ ಕೈ ತೊಡೆಯ ಮೇಲಿಟ್ಟುಕೊಂಡು ಬಳೆ ಏರಿಸತೊಡಗಿದಳು. ಮೊದಲನೆಯದು ಹೆಬ್ಬೆರಳಿನ ಬುಡಕ್ಕೇ ನಿಂತಿತು. ಎಣ್ಣೆ ಸವರಿದಳು, ಅಮುಕಿದಳು, ಒತ್ತಿದಳು. ಏರಲಿಲ್ಲ.

"ಅಳತಿ ತಪ್ಪಿ ತಂದೀಯೇನ ಸಾವಂತ್ರೆವ್ವಾ?"

"ನಾನ್ಯಾಕ ತಪ್ಪಲಿ? ಹೋದ ತಿಂಗಳ ಇದ ಅಳತೀವು ಸರಸರ ಏರಿದ್ವು."

"ಕಸ್ತೂರೆವ್ವ ತುಪ್ಪದ ಗಡಿಗಿ ಬರಿದು ಮಾಡ್ಯಾಳ ಸೊಸಿ ಬಾಯಾಗ!" ಎಂದು ಯಾರೋ ಅಂದರು. ಹಂದರದ ತುಂಬ ನಗು. "ಅಲ್ಲ, ಗಂಡ ತಿನ್ನಿಸಿರಬೇಕು" ಎಂದರು ಇನ್ನೊಬ್ಬರು. ಮತ್ತೂ ನಗು. ನೀಲಗಂಗಾಳೂ ನಕ್ಕಳು. ನಗುತ್ತಲೇ ಅವಳ ಕಣ್ಣ ಮುಂದೆ ಬೆಳ್ಳಗಿನ ಚಿಕ್ಕಿಗಳು ಜಾತ್ರೆ ನೆರೆದವು. ಮೊಳಕೈವರೆಗೆ ಬಾತ ಕೈಯನ್ನು ನೋಡಿದಳು. ಎದೆ ಡವ್ ಎಂದಿತು. ತಕ್ಷಣ ಕಿವಿಯಲ್ಲಿ ಇರುವೆ. ಒಂದಲ್ಲ, ಸಾಲುಸಾಲು.

ತಲೆ ಎತ್ತಿದಳು. ಹಂದರದ ಕಂಬಕ್ಕೆ ಒರಗಿ ನಿಂತ ಗಂಡ ಚನ್ನವೀರ ಫೋನಿನ ಮೇಲೆ ಬೆರಳು ಸರಿಸುತ್ತಿದ್ದ.

"ರೀ, ವಾಲಿ ಎಷ್ಟಕ್ಕ ಇಟ್ಟೀರಿ?"

ಅವನು ಬೆಚ್ಚಿದ. ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ಅವನೇನು ಕೆಟ್ಟವನಲ್ಲ, ಮೊದಲ ಬಸುರು ಹೋದಾಗ ದವಾಖಾನೆಯ ಗೋಡೆಗೆ ಮುಖ ಮಾಡಿ ಅತ್ತವನು.

"ಎಂಟು."

"ಮದಲ ಎಷ್ಟಿತ್ತು?"

"ಮೂರು. ನಿನ್ನಿ ಮುಳಗುಂದ ಸಾಹೇಬ್ರು ಫೋನ್ ಮಾಡಿದ್ರು. ಶಮೀಮಂದು ನಿನಗ ಗೊತ್ತಾಗೇತಿ ಅಂದ್ರು. ನಾ ಏನ್ ಮಾಡ್ಲಿ ನೀಲಾ? ನೀ ಅಳಬಾರದಂತ..."

ಹಾಗಾದರೆ ಹುಬ್ಬಳ್ಳಿಗೆ ಹೋಗುವ ಬಿಸಿಯನ್ನು ಬಾಚಿಕೊಂಡು ಹೋದವನು ಇವನೇ. ಈಗಲೂ ಅವಳಿಗೆ ಅವನ ಮೇಲೆ ಸಿಟ್ಟು ಬರುತ್ತಿಲ್ಲ. ಬರಬೇಕಾದ್ದು ಬರುತ್ತಿಲ್ಲ ಎಂಬುದಷ್ಟೇ ಅವಳಿಗೆ ತಿಳಿಯುತ್ತಿತ್ತು, ಮತ್ತು ಇನ್ನೊಂದು ಗಳಿಗೆ ಬಿಟ್ಟರೆ ಅದೂ ತಿಳಿಯುವುದಿಲ್ಲ. ಹಸಿರು ದೀಪಕ್ಕೆ ಪಟ್ಟಿ ಕಟ್ಟುವವರಿಲ್ಲ. ಪಟ್ಟಿ ಇರುವುದು ಗಾಡಿಯಲ್ಲಿ. ಗಾಡಿ ಬರುವುದು ಕೆಂಪಿಗೆ. ಓಲೆ ತನ್ನನ್ನು ಕೆಂಪಾಗಲು ಬಿಡುವುದಿಲ್ಲ. ಆದರೆ ಬಿಚ್ಚಿದ ಓಲೆಯೂ ಕೇಂದ್ರಕ್ಕೆ ಕೆಂಪೇ.

ನೀಲಗಂಗಾ ಕೈ ಎತ್ತಿ ಓಲೆಯ ತಿರುಪು ಬಿಚ್ಚಿದಳು.

ದೀಪ ಆರಿತು. ಹೆಂಗಸರೆಲ್ಲ ಅವಳ ಬರಿ ಕಿವಿಯತ್ತ ತಿರುಗಿದರು.

ಮೊದಲು ಬಂದದ್ದು ತಲೆನೋವು. ಇಷ್ಟು ದಿನ ಗೋಡೆಯಾಚೆ ಗುದ್ದುತ್ತಿದ್ದುದು ಗೋಡೆ ಕೆಡವಿ ಒಳಗೇ ಬಂದಂತೆ. ಅದರ ಹಿಂದೆ ಅಂಜಿಕೆ. ಅದರ ಹಿಂದೆ ಶಮೀಮ್, ಹುಣಸೆಕಾಯಿ ಕಚ್ಚಿ ಒಂದು ಕಣ್ಣು ಮುಚ್ಚಿ ನಗುತ್ತಿದ್ದ ಶಮೀಮ್. ನೀಲಗಂಗಾ ಬಾಯಿ ತೆರೆದು ಅತ್ತಳು. ನೂರು ಹೆಂಗಸರ ನಡುವೆ, ಹಸಿರು ಸೀರೆಯಲ್ಲಿ, ಗೆಳತಿಯ ಹೆಸರು ಹಿಡಿದು ಅತ್ತಳು.

"ಹಾಕ್ಕೋ ಯವ್ವಾ, ಹಾಕ್ಕೋ!" ಕಸ್ತೂರೆವ್ವ ಓಡಿ ಬಂದಳು. "ಮಂದಿ ನೋಡಾಕತ್ತಾರ. ಗಾಡಿ ಬರ್ತೈತಿ! ಮನಿ ಮರ್ಯಾದಿ..."

"ಬರ್ಲಿ ಅಂತನ ತಗದೀನ್ರಿ ಅತ್ತಿ." ಅಳುವಿನ ನಡುವೆಯೂ ಅವಳ ದನಿ ಗಟ್ಟಿಯಾಗಿತ್ತು. "ನೀವು ಶಮೀಮ್ ಮಣ್ಣಿಗೆ ಹೋಗಿದ್ರಿ. ಆಕಿ ವಾಲಿ ಯಾವ ಬಣ್ಣ ಇತ್ತಂತ, ಯಾರರೆ ಹೇಳಿದ್ರೋ ಇಲ್ಲೋ?"

ಕಸ್ತೂರೆವ್ವ ಮುಖ ಆಚೆ ತಿರುಗಿಸಿದಳು.

"ಹೇಳ್ರಿ ಅತ್ತಿ."

"ಹಸರ" ಎಂದಳು ಮುದುಕಿ, ಕೇಳಿಸದಷ್ಟು ಸಣ್ಣಗೆ.

"ನನ್ನ ಕಾಲು ಒತ್ತಿ ನೋಡ್ರಿ."

ಕಸ್ತೂರೆವ್ವ ಸೊಸೆಯ ಕಾಲ ಮೇಲೆ ಹೆಬ್ಬೆರಳೂರಿದಳು. ತೆಗೆದಳು. ತಗ್ಗು ಹಾಗೇ ಉಳಿಯಿತು. ಕುಬಸಕ್ಕೆಂದು ಉಟ್ಟ ಇಲಕಲ್ ಸೀರೆಯ ಸೆರಗನ್ನು ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. "ಚನ್ನ್ಯಾ, ಆ ಫೋನು ಒಗಿ ಅತ್ಲಾಗ. ಈಕೀನ ಎತ್ತಿ ಹಿಡಿ. ಸಾವಂತ್ರೆವ್ವಾ, ಬಾಗಿಲಾಗಿನ ಮಂದಿ ಸರಸು, ಗಾಡಿಗೆ ದಾರಿ ಬೇಕು."

ಗಾಡಿ ಬಂತು. ಇಳಿದವಳು ಡಾಕ್ಟರ್ ತೇಜಸ್ವಿನಿ, ಇನ್ನೂ ಎಳೆಯ ಮುಖ. ಅವಳ ಕೈಯಲ್ಲಿ ಹೊಸ ಓಲೆ ಸಿದ್ಧವಾಗಿತ್ತು. "ಗಾಬರಿ ಆಗಬ್ಯಾಡ್ರಿ ಅಮ್ಮಾ, ಮೊದಲು ಇದನ್ನ ಹಾಕ್ಕೊಂಡು ಸಮಾಧಾನ..."

ಕಸ್ತೂರೆವ್ವ ನಡುವೆ ಬಂದು ನಿಂತಳು. "ಮದಲ ತೋಳಿಗೆ ಪಟ್ಟಿ ಕಟ್ರಿ. ಆಮ್ಯಾಲ ನಿಮ್ಮ ವಾಲಿ ಪಾಲಿ."

"ಅಜ್ಜೀ, ನಿಯಮ ಏನೈತಂದ್ರ..."

"ನಿಯಮ ನನ್ನ ಕೈಯಾಗ ಸಾಯಲಿ. ಕಟ್ಟು ಅಂದ್ರ ಕಟ್ಟು!"

ಡಾಕ್ಟರು ನೀಲಗಂಗಾಳ ಬಾತ ಮುಖವನ್ನು ಈಗ ಮೊದಲ ಸಲ, ಕಿವಿ ಬಿಟ್ಟು, ನೆಟ್ಟಗೆ ನೋಡಿದಳು. ಪಟ್ಟಿ ಕಟ್ಟಿ ಗಾಳಿ ತುಂಬಿದಳು. ಅಂಕಿ ನೋಡಿ ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಕಟ್ಟಿದಳು.

"ನೂರಾ ಎಂಬತ್ತೈತಿ. ಗಾಡಿ ಹತ್ತಿಸ್ರಿ. ಈಗಿಂದೀಗ."

*

ಗಾಡಿಯಲ್ಲಿ ಸೂಜಿ ಚುಚ್ಚಿ, ಸಲೈನು ಏರಿಸಿ, ನೀಲಗಂಗಾಳ ಮಂಡಿ ತಟ್ಟಿ ನೋಡುತ್ತ ಡಾಕ್ಟರು ಮಾತಾಡುತ್ತಲೇ ಇದ್ದಳು. ಅದು ತನಗೆ ತಾನೇ ಹೇಳಿಕೊಳ್ಳುವಂತಿತ್ತು. ಇದು ಬಸುರಿನ ನಂಜು. ಮನಸ್ಸಿನ ಅಂಜಿಕೆಯಿಂದ ಏರುವ ಒತ್ತಡವಲ್ಲ. ನೆತ್ತರಿನ ಕೊಳವೆಗಳೇ ಹಿಂಡಿಕೊಂಡು ಏರುವಂಥದು. ಓಲೆ ನಾಡಿಯನ್ನು ಮೆತ್ತಗೆ ಮಾಡುತ್ತದೆ, ತಾನೇ ಮೆತ್ತಗೆ ಮಾಡಿದ ನಾಡಿಯನ್ನು ನೋಡಿ ಎಲ್ಲ ಸರಿ ಇದೆ ಎಂದು ಲೆಕ್ಕ ಹಾಕುತ್ತದೆ. ತಲೆನೋವು ಹೇಳಬೇಕಾದ್ದನ್ನು ಹೇಳಲು ಬಿಡುವುದಿಲ್ಲ.

"ನನ್ನಂಥಾರು ಇನ್ನೂ ಇದ್ರೇನ್ರಿ?" ನೀಲಗಂಗಾ ಕೇಳಿದಳು.

ಡಾಕ್ಟರು ಸಲೈನಿನ ಹನಿ ನೋಡಿದಳು. "ಬೆಟಗೇರಿ ಶಮೀಮ್. ಅದಕ್ಕೂ ಮೊದಲು ನರಗುಂದದಾಕಿ ಒಬ್ಬಾಕಿ. ಹಸರ ಇದ್ದದ್ದಕ್ಕ ಮೂರ್ಛೆರೋಗ ಅಂತ ತಿಳಕೊಂಡ್ವಿ."

"ಉಳದ ಬಸುರೇರಿಗೆ ಹೇಳಿದ್ರೇನ್ರಿ?"

"ಹೆಂಗ ಹೇಳೂದ್ರಿ? ಅಂಜ್ತಾರ."

ನೀಲಗಂಗಾ ಕಣ್ಣು ಮುಚ್ಚಿದಳು. ನರಗುಂದದವಳ ಸಾವನ್ನು ಶಮೀಮಳಿಂದ ಮುಚ್ಚಿಟ್ಟರು. ಶಮೀಮಳ ಸಾವನ್ನು ತನ್ನಿಂದ. ತನ್ನದನ್ನು ಯಾರಿಂದ ಮುಚ್ಚಿಡಬೇಕೆಂದಿದ್ದರೋ. ಪ್ರತಿಯೊಬ್ಬರೂ ಪ್ರೀತಿಯಿಂದಲೇ ಮುಚ್ಚಿಟ್ಟಿದ್ದರು. ಒಬ್ಬಳ ತಲೆನೋವು ಇನ್ನೊಬ್ಬಳಿಗೆ ಗೊತ್ತಾಗದ ಹಾಗೆ ಇಡೀ ಜಿಲ್ಲೆಯೇ ಕೈ ಕೈ ಹಿಡಿದು ನಿಂತಿತ್ತು.

"ಕೂಸು ಉಳೀತೈತೇನ್ರಿ?"

"ಉಳೀತೈತಿ, ಏನೂ ಚಿಂತಿ..." ಎಂದು ರೂಢಿಯಂತೆ ಶುರು ಮಾಡಿದ ಡಾಕ್ಟರು ನಿಲ್ಲಿಸಿದಳು. "ಗೊತ್ತಿಲ್ಲರಿ. ಇವತ್ತ ಹೊರಗ ತಗೀಬೇಕು. ಬಿಟ್ರ ನೀವಿಬ್ಬರೂ ಹೋಗ್ತೀರಿ. ತಗದ್ರ ನೀವು ಉಳೀತೀರಿ. ಕೂಸು ಭಾಳ ಸಣ್ಣದಿರ್ತೈತಿ, ಅದು ಬಡದಾಡಬೇಕು."

"ತಗೀರಿ" ಎಂದಳು ನೀಲಗಂಗಾ. "ನನ್ನ ಕೂಸು ಬಡದಾಡತೈತಿ."

*

ಎಚ್ಚರಾದಾಗ ಹೊಟ್ಟೆ ಬರಿದಾಗಿತ್ತು, ತಲೆಯೂ ಹಗುರಾಗಿತ್ತು. ಕಿವಿಯಲ್ಲಿ ಏನೂ ಇರಲಿಲ್ಲ. ತೋಳಿಗೆ ಕಟ್ಟಿದ ಪಟ್ಟಿ ಆಗಾಗ ತಾನೇ ಉಬ್ಬಿ ಇಳಿಯುತ್ತಿತ್ತು. ಚನ್ನವೀರ ಬಂದು ಹಾಸಿಗೆಯ ಅಂಚಿಗೆ ಕೂತು ನಕ್ಕ. ಆ ನಗು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ತಿಂಗಳೂ ಓಣಿಯೆಲ್ಲ ಅವಳ ಮುಂದೆ ನಕ್ಕ ನಗು ಅದೇ.

"ಹೆಣ್ಣಾತು ನೀಲಾ. ಎಲ್ಲಾ ಆರಾಮ ಐತಿ, ನೀ ಏನೂ..."

"ರೀ."

ಅವಳು ಅವನ ಅಂಗಿಯ ತೋಳು ಹಿಡಿದು ಜಗ್ಗಿದಳು.

"ಇದ್ದದ್ದನ್ನ ಇದ್ದಂಗ ಹೇಳ್ರಿ."

"ನೀ ಈಗ ಹಸಿ ಬಾಣಂತಿ ನೀಲಾ..."

"ಹೇಳ್ರಿ. ನಾ ಕೇಳ್ತೀನಿ. ಅಳು ಬಂದ್ರ ಅಳ್ತೀನಿ, ಅದಕ್ಕ ನಾ ಸಾಯೂದಿಲ್ಲ. ಗೊತ್ತಿಲ್ಲದ ಸಾಯೂದರಾಗಿದ್ದೆ."

ಚನ್ನವೀರ ಅಂಗೈಗಳನ್ನು ಉಜ್ಜಿಕೊಂಡ. ನೆಲ ನೋಡುತ್ತ, ತೊದಲುತ್ತ ಹೇಳಿದ. ಕೂಸು ಎರಡು ಬೊಗಸೆಯಷ್ಟೂ ಇಲ್ಲ. ಹುಟ್ಟಿದಾಗ ಅಳಲಿಲ್ಲ; ತಟ್ಟಿ ತಿಕ್ಕಿ ಉಸಿರು ಕೊಟ್ಟ ಮೇಲೆ ಬೆಕ್ಕಿನ ಮರಿಯಂತೆ ಒಂದು ಸಲ ಕುಂಯ್ ಎಂದಿತು. ಮೂಗಿಗೆ ನಳಿಕೆ ಹಾಕಿದ್ದಾರೆ. ಪುಪ್ಪುಸ ಇನ್ನೂ ಬಲಿತಿಲ್ಲ. ಮುಂದಿನ ಕೆಲವು ದಿನ ಕಠಿಣ, ಏನೂ ಆಗಬಹುದು ಎಂದಿದ್ದಾರೆ. ತಾನು ಗಾಜಿನ ಹೊರಗೆ ನಿಂತು ನೋಡಲಾಗದೆ ಹೊರಟು ಬಂದೆ. ಅವ್ವ ಮಾತ್ರ ಅಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದಾಳೆ, ಏಳೆಂದರೆ ಏಳುತ್ತಿಲ್ಲ.

"ನನಗ ಅಂಜಿಕಿ ಆಗಾಕತ್ತೇತಿ ನೀಲಾ" ಎಂದ ಕೊನೆಗೆ. ಅವಳ ಮುಂದೆ ಅವನು ಆ ಮಾತು ಆಡಿದ್ದು ಅದೇ ಮೊದಲು.

ನೀಲಗಂಗಾಳ ಎದೆ ಹೊಡೆದುಕೊಂಡಿತು. ಯಾವ ಇರುವೆಯೂ ಬರಲಿಲ್ಲ. ಅಂಜಿಕೆ ಬಂತು, ಪೂರ್ತಿ ಬಂತು, ಬಂದು ಅವಳ ಪಕ್ಕದಲ್ಲೇ ಕೂತಿತು. ಅದರ ಜೊತೆಗೇ ಎದೆ ಬಿಗಿದು ಹಾಲು ಒಸರಿದಂತಾಯಿತು. ಅವಳು ಅವನ ಕೈ ಹಿಡಿದುಕೊಂಡಳು.

"ನನಗೂ. ನಡೀರಿ, ನಾ ನೋಡ್ತೀನಿ. ಕುರ್ಚಿ ತರ್ರಿ."

ಚನ್ನವೀರ ಗಾಲಿಕುರ್ಚಿ ತರಲು ಹೋದ. ಪಕ್ಕದ ಹಾಸಿಗೆಯಲ್ಲಿ ಒಬ್ಬ ಹುಡುಗಿ ಮಲಗಿದ್ದಳು, ಆರೇಳು ತಿಂಗಳ ಬಸುರಿ. ಎಲ್ಲೋ ಜಾರಿ ಬಿದ್ದು ಕಾಲು ಉಳುಕಿಸಿಕೊಂಡು ಬಂದವಳು. ಇಷ್ಟು ಹೊತ್ತೂ ಗೋಡೆ ಕಡೆ ಮುಖ ಮಾಡಿ ಕೇಳುತ್ತಿದ್ದವಳು ಈಗ ಹೊರಳಿದಳು. ಅವಳ ಕಿವಿಯಲ್ಲಿ ಹೆಸರುಕಾಳು ಹಸಿರಾಗಿ ಮಿನುಗುತ್ತಿತ್ತು.

"ಅಕ್ಕಾರ, ಏನಾಗಿತ್ರಿ ನಿಮಗ?"

ಬಾಗಿಲ ಬಳಿ ನಿಂತ ಸಿಸ್ಟರು ತುಟಿಯ ಮೇಲೆ ಬೆರಳಿಟ್ಟು, ಬೇಡ ಬೇಡ ಎಂದು ತಲೆಯಾಡಿಸಿದಳು. ನೀಲಗಂಗಾ ಅವಳನ್ನು ನೋಡಿದಳು. ಹೊಲಿಗೆ ಜಗ್ಗುತ್ತಿದ್ದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು, ಮಂಚದ ಸರಳಿಗೆ ಇನ್ನೊಂದು ಕೈ ಕೊಟ್ಟು ಎದ್ದು ಕೂತಳು.

"ನನಗೊಬ್ಬಾಕಿ ಗೆಳತಿ ಇದ್ಲು" ಎಂದಳು. "ಶಮೀಮ್ ಅಂತ. ಆಕಿ ಸತ್ಲು."

ಹುಡುಗಿಯ ದೀಪ ಹಳದಿಯಾಯಿತು. ಸಿಸ್ಟರು ಓಡಿ ಬಂದಳು.

"ಕೆಂಪಾದ್ರ ಆಗಲಿ, ಅಂಜಬ್ಯಾಡ. ಇಲ್ಲ, ಅಂಜಿದ್ರೂ ಅಡ್ಡಿಯಿಲ್ಲ" ಎಂದಳು ನೀಲಗಂಗಾ. "ಪೂರ್ತಿ ಕೇಳು ತಂಗಿ. ಮದಲ ಆಕಿಗೆ ತಲಿ ನೋಯಾಕ ಹತ್ತಿತ್ತು..."